ಎರಡು ಸಲ ಮೆಟ್ರಿಕ್ ಫೇಲಾದ ವಿಜ್ಞಾನಿ: ಡಾ. ಯಲ್ಲಾಪ್ರಗಡ ಸುಬ್ಬರಾವ್

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ, ಶಾಲೆಯ ನೆನಪುಗಳನ್ನೇ ಬರೆಯೋಣ ಅಂದುಕೊಂಡೆ. ಆದರೆ ಬೇವಿನ ಮರ, ಸೋರುವ ಹಂಚು, ಗುರುಗಳ ಬೆತ್ತ ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರು ಬಹಳ ಜನ ಇದ್ದಾರೆ. ನಾನು ನಮ್ಮ ಊರನ್ನು ಕಣ್ಣಿಂದಲೂ ಕಾಣದ ಒಬ್ಬ ಮನುಷ್ಯನ ಬಗ್ಗೆ ಬರೆಯುತ್ತೇನೆ. ಅವರು ತೀರಿಕೊಂಡು ಎಪ್ಪತ್ತೈದು ವರ್ಷಗಳ ಮೇಲಾಯಿತು. ಆದರೂ ನಮ್ಮೂರಿನ ಯಾವ ಮನೆಗೆ ಹೋದರೂ ಅವರ ಕೆಲಸದ ಒಂದು ತುಣುಕು ಅಲ್ಲಿ ಸಿಗುತ್ತದೆ.

ಅವರ ಹೆಸರು ನನಗೆ ಗೊತ್ತಾದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ. ಇದನ್ನು ಓದಿ ಇನ್ನೊಂದು ಮನೆಯವರು ಎಚ್ಚರಗೊಂಡರೆ ಸಾಕು.

ನಮ್ಮ ಅವ್ವನಿಗೆ ಕೆಲವು ವರ್ಷಗಳಿಂದ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ, ರೊಟ್ಟಿ ಬಡಿಯುವುದು ನಿಂತೇಹೋಗಿತ್ತು. ಡಾಕ್ಟರು ಎರಡು ಮಾತ್ರೆ ಬರೆದುಕೊಟ್ಟರು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಫೋಲಿಕ್ ಆಮ್ಲದ ಮಾತ್ರೆ ಉಳಿದ ದಿನಗಳಲ್ಲಿ. ಎರಡೂ ಹಳದಿ, ಎರಡೂ ಚಿಕ್ಕವು. ಒಮ್ಮೆ ಅಂಗಡಿಯಿಂದ ಬೇರೆ ಕಂಪನಿಯ ಮಾತ್ರೆ ಬಂದಿತು. ಪಟ್ಟಿಯ ಮೇಲಿನ ಬರಹವೆಲ್ಲ ಇಂಗ್ಲಿಷ್. ಯಾವುದು ದಿನಾ, ಯಾವುದು ವಾರಕ್ಕೊಮ್ಮೆ ಎಂದು ಕೇಳಲು ಅವ್ವ ಬೆಂಗಳೂರಿಗೆ ಫೋನ್ ಮಾಡಿದಳು. ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಅವಸರದಲ್ಲಿ ಹೇಳಿ ಫೋನ್ ಇಟ್ಟೆ. ಹೇಳಿದ್ದು ಅದಲು ಬದಲಾಗಿತ್ತು.

ಐದನೆಯ ದಿನಕ್ಕೆ ಅವ್ವನ ಬಾಯೆಲ್ಲ ಹುಣ್ಣು. ಗಂಜಿ ಕೂಡ ನುಂಗಲಾಗದು, ಮೇಲೆ ಜ್ವರ. ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣ ತೀರಾ ಇಳಿದಿದ್ದವು. ಡಾಕ್ಟರು ಮಾತ್ರೆಗಳನ್ನು ಒಂದೊಂದಾಗಿ ನೋಡಿ ಏನಾಗಿದೆ ಎಂದು ಕೂಡಲೇ ಹಿಡಿದರು. ಫೋಲಿನಿಕ್ ಆಮ್ಲ ಎಂಬ ಇಂಜೆಕ್ಷನ್ ಶುರುಮಾಡಿದರು. ಹತ್ತು ದಿನ ಅವ್ವ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದಳು. ಬಿಡುಗಡೆಯ ದಿನ ಆ ಡಾಕ್ಟರು ನನ್ನನ್ನು ಬೈಯಲಿಲ್ಲ. ಆ ಎರಡು ಮಾತ್ರೆಗಳೂ ಒಂದೇ ಪ್ರಯೋಗಾಲಯದಲ್ಲಿ, ಒಬ್ಬನೇ ಭಾರತೀಯನ ಉಸ್ತುವಾರಿಯಲ್ಲಿ ತಯಾರಾದವು ಎಂದರು. ಆ ರಾತ್ರಿಯೇ ನಾನು ಸುಬ್ಬರಾವ್ ಅವರ ಬಗ್ಗೆ ಓದಲು ಕುಳಿತೆ.

ಭೀಮಾವರದ ಹುಡುಗ

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಗೋದಾವರಿ ಸೀಮೆಯ ಭೀಮಾವರದಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ಸಣ್ಣ ನೌಕರಿಯಲ್ಲಿದ್ದವರು. ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ತಂದೆಯ ಆರೋಗ್ಯ ಕೆಟ್ಟು ನೌಕರಿ ಬೇಗ ಹೋಯಿತು, ಮನೆಗೆ ಬಡತನ ಬಂತು.

ಹುಡುಗನಿಗೆ ಓದಿನ ಕಡೆ ಮನಸ್ಸಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುವ ಯೋಚನೆ. ದಾರಿಯಲ್ಲೇ ಹಿಡಿದು ತಂದರು. ತಾಯಿ ಮತ್ತೆ ಶಾಲೆಗೆ ಕಳಿಸಿದಳು. ಮೆಟ್ರಿಕ್ ಪರೀಕ್ಷೆಯಲ್ಲಿ ಒಮ್ಮೆ ಫೇಲ್, ಎರಡನೆಯ ಸಲವೂ ಫೇಲ್. ಅಷ್ಟರಲ್ಲಿ ತಂದೆ ತೀರಿಕೊಂಡರು. ಯಾರೇ ಆದರೂ ಸಾಕು, ಇನ್ನು ದುಡಿಯಲಿ ಎಂದು ಬಿಡುವ ಹೊತ್ತು ಅದು. ವೆಂಕಮ್ಮ ಬಿಡಲಿಲ್ಲ. ಒಡವೆಯ ಮೇಲೆ ದುಡ್ಡು ತಂದು ಮಗನನ್ನು ಮದ್ರಾಸಿನ ಹಿಂದೂ ಹೈಸ್ಕೂಲಿಗೆ ಕಳಿಸಿದಳು. ಮೂರನೆಯ ಸಲ ಪಾಸಾಯಿತು.

ನಾವು ಎಸ್ಸೆಸ್ಸೆಲ್ಸಿ ಬರೆದ ವರ್ಷ ನಮ್ಮ ಬೆಂಚಿನಲ್ಲಿ ನಾಲ್ಕು ಜನ ಇದ್ದೆವು. ಅವರಲ್ಲಿ ಒಬ್ಬ ಗಣಿತದಲ್ಲಿ ಎರಡು ಸಲ ಹೋದ. ಕೆಟ್ಟುಹೋದ ರೇಡಿಯೋ ಬಿಚ್ಚಿ ಸರಿಮಾಡುವಷ್ಟು ಬುದ್ಧಿ ಇದ್ದವನು. ಮೂರನೆಯ ಸಲ ಫೀ ಕಟ್ಟುವಷ್ಟರಲ್ಲಿ ಮನೆಯವರು ಅವನನ್ನು ಗೌಂಡಿ ಕೆಲಸಕ್ಕೆ ಕಳಿಸಿದರು. ಅವನು ಇಂದು ಒಳ್ಳೆಯ ಮೇಸ್ತ್ರಿ, ಊರಿನ ಎಷ್ಟೋ ಮನೆ ಕಟ್ಟಿದ್ದಾನೆ. ದುಡಿಮೆಯಲ್ಲಿ ಸಣ್ಣದು ದೊಡ್ಡದು ಇಲ್ಲ. ಆದರೆ ಮೂರನೆಯ ಅವಕಾಶ ಅವನಿಗೆ ಸಿಗಲಿಲ್ಲ ಎಂಬುದು ಸುಬ್ಬರಾವ್ ಬಗ್ಗೆ ಓದುವಾಗೆಲ್ಲ ನನಗೆ ನೆನಪಾಗುತ್ತದೆ.

ಖಾದಿ ಕೋಟು, ಅರ್ಧ ಪದವಿ

ಮುಂದೆ ಸುಬ್ಬರಾವ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಬಯಕೆ ಬಂತು. ತಾಯಿ ಒಪ್ಪಲಿಲ್ಲ. ಜನಸೇವೆಯೇ ಮಾಡುವುದಾದರೆ ಡಾಕ್ಟರಾಗಿ ಮಾಡಬಹುದಲ್ಲ ಎಂದುಕೊಂಡು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಓದಿಗೆ ಮಾವನವರ ನೆರವಿತ್ತು. 1919ರಲ್ಲಿ ಅವರ ಮಗಳು ಶೇಷಗಿರಿಯವರ ಜೊತೆ ಮದುವೆಯಾಯಿತು.

ಅದು ಗಾಂಧೀಜಿಯವರು ವಿದೇಶಿ ಬಟ್ಟೆ ಬಿಡಿ ಎಂದ ಕಾಲ. ಸುಬ್ಬರಾವ್ ಶಸ್ತ್ರಚಿಕಿತ್ಸೆಯ ಕೋಣೆಗೆ ಖಾದಿಯ ಕೋಟು ಹಾಕಿಕೊಂಡು ಹೋಗತೊಡಗಿದರು. ಇಂಗ್ಲಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಲಿಖಿತ ಪರೀಕ್ಷೆ ಚೆನ್ನಾಗಿ ಮಾಡಿದ್ದರೂ ಎಂ.ಬಿ.ಬಿ.ಎಸ್. ಪದವಿಯ ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಕೈಗೆ ಬಂತು. ಅದರಿಂದ ಸರ್ಕಾರಿ ವೈದ್ಯ ಸೇವೆಗೆ ದಾರಿ ಸಿಗಲಿಲ್ಲ. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡುವ ಕೆಲಸ ಹಿಡಿದರು.

ಈ ವರ್ಷಗಳಲ್ಲೇ ಅವರ ಮನೆಗೆ ದೊಡ್ಡ ಪೆಟ್ಟು ಬಿತ್ತು. ಸ್ಪ್ರೂ ಎಂಬ ರೋಗಕ್ಕೆ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಬಲಿಯಾದರು. ಕರುಳು ಅನ್ನದ ಸತ್ವ ಹೀರದೆ, ಭೇದಿಯಾಗಿ, ರಕ್ತ ಬತ್ತಿ ಮನುಷ್ಯ ಸವೆದುಹೋಗುವ ರೋಗ ಅದು. ಆಗ ಅದಕ್ಕೆ ಖಚಿತ ಔಷಧ ಇರಲಿಲ್ಲ. ಮನೆಯಲ್ಲಿ ಒಬ್ಬ ಡಾಕ್ಟರಿದ್ದೂ ಉಳಿಸಲಾಗಲಿಲ್ಲ.

ರಾತ್ರಿ ಪಾಳಿಯ ಕೂಲಿ

1922ರ ಅಕ್ಟೋಬರಿನಲ್ಲಿ ಅವರು ಅಮೆರಿಕದ ಬಾಸ್ಟನ್ ತಲುಪಿದರು. ಮಾವನವರ ಹಣ, ಕಾಕಿನಾಡದ ಒಂದು ಧರ್ಮಸಂಸ್ಥೆಯ ನೆರವು ಸೇರಿ ಪ್ರಯಾಣಕ್ಕಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ರೋಗಗಳ ವ್ಯಾಸಂಗಕ್ಕೆ ಸೇರಿದರು. ವಿದ್ಯಾರ್ಥಿವೇತನ ಇರಲಿಲ್ಲ. ಹೊಟ್ಟೆಪಾಡಿಗೆ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದರು. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವುದು, ಹಾಸಿಗೆ ಸರಿಮಾಡುವುದು. ಮದ್ರಾಸಿನಲ್ಲಿ ಡಾಕ್ಟರಾಗಿದ್ದವರು ಬಾಸ್ಟನ್ನಿನಲ್ಲಿ ಆ ಕೆಲಸ ಮಾಡಿದರು. ಆಸ್ಪತ್ರೆಯಲ್ಲಿ ನನ್ನ ಅವ್ವನ ವಾಂತಿ ಬಳಿದ ಆಯಾನ ಹೆಸರು ಕೇಳದೆ ಬಂದ ನನಗೆ ಇದನ್ನು ಓದಿ ನಾಚಿಕೆಯಾಯಿತು.

ಮುಂದೆ ಅವರು ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ಪ್ರಾಧ್ಯಾಪಕರ ಜೊತೆ ಕೆಲಸಕ್ಕೆ ನಿಂತರು. ಫಿಸ್ಕ್ ಅವರಿಗೆ ರಕ್ತ, ಮೂತ್ರಗಳಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ಸುಲಭ ವಿಧಾನ ಬೇಕಿತ್ತು. ಮಾದರಿಗೆ ಮಾಲಿಬ್ಡೇಟ್ ಬೆರೆಸಿ, ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಗಾಢವಾದಷ್ಟು ರಂಜಕ ಹೆಚ್ಚು. 1925ರಲ್ಲಿ ಪ್ರಕಟವಾದ ಈ ಫಿಸ್ಕ್-ಸುಬ್ಬರಾವ್ ವಿಧಾನ ಜೀವರಸಾಯನ ಕಲಿಯುವ ಮಕ್ಕಳಿಗೆ ಇಂದಿಗೂ ಪರಿಚಿತ.

ಅಳೆಯುವ ಕೋಲು ಕೈಗೆ ಬಂದ ಮೇಲೆ ಇಬ್ಬರೂ ಸ್ನಾಯುಗಳ ಕಡೆ ತಿರುಗಿದರು. 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎ.ಟಿ.ಪಿ. ಎಂಬ ಅಣುವನ್ನು ಬೇರ್ಪಡಿಸಿದರು. ಅದೇ 1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್ಮನ್ ಕೂಡ ಸ್ವತಂತ್ರವಾಗಿ ಎ.ಟಿ.ಪಿ.ಯನ್ನು ಕಂಡುಹಿಡಿದರು. ಮೊಬೈಲಿಗೆ ಬರುವ ಸಂದೇಶಗಳಲ್ಲಿ ಸುಬ್ಬರಾವ್ ಒಬ್ಬರೇ ಎಲ್ಲವನ್ನೂ ಕಂಡುಹಿಡಿದರು ಎಂದಿರುತ್ತದೆ. ಅದು ಸರಿಯಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೂ ಅವರ ದೊಡ್ಡತನ ಕಡಿಮೆಯಾಗುವುದಿಲ್ಲ.

ಎ.ಟಿ.ಪಿ. ಎಂದರೇನು? ನಮ್ಮ ಶಾಲೆಯ ಕಬಡ್ಡಿ ಅಂಗಳ ನೆನಪು ಮಾಡಿಕೊಳ್ಳಿ. ರೈಡಿಗೆ ಹೋದವನು ಎದುರಾಳಿಗಳ ಕೈಗೆ ಸಿಗದೆ ಒಂದೇ ನೆಗೆತಕ್ಕೆ ಗೆರೆ ಮುಟ್ಟುತ್ತಾನೆ. ಆ ಕ್ಷಣದ ಶಕ್ತಿ ಮಧ್ಯಾಹ್ನ ಉಂಡ ಊಟದಿಂದ ನೇರವಾಗಿ ಬಂದದ್ದಲ್ಲ. ಸ್ನಾಯುವಿನ ಜೀವಕೋಶದಲ್ಲಿರುವ ಎ.ಟಿ.ಪಿ. ಅಣು ಒಡೆದು ಶಕ್ತಿ ಕೊಡುತ್ತದೆ. ಅದು ಕೆಲವೇ ಕ್ಷಣಕ್ಕೆ ಸಾಕಾಗುವಷ್ಟಿರುತ್ತದೆ. ಅದು ಖಾಲಿಯಾಗುತ್ತಿದ್ದಂತೆ ಫಾಸ್ಫೋಕ್ರಿಯಾಟಿನ್ ಕೂಡಲೇ ತುಂಬಿಕೊಡುತ್ತದೆ. ಕರೆಂಟ್ ಹೋದಾಗ ಮನೆಯ ಮೇಲಿನ ಟ್ಯಾಂಕಿನ ನೀರು ಒದಗುವ ಹಾಗೆ. ಊಟದಿಂದ ಬರುವ ಶಕ್ತಿ ನಿಧಾನವಾಗಿ ಆ ಟ್ಯಾಂಕನ್ನು ಮತ್ತೆ ತುಂಬಿಸುತ್ತದೆ. ಅದಕ್ಕೂ ಮೊದಲು ಸ್ನಾಯು ಕುಗ್ಗಲು ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂದು ವಿಜ್ಞಾನಿಗಳು ನಂಬಿದ್ದರು. ಸ್ನಾಯುಗಳ ಮೇಲಿನ ಕೆಲಸಕ್ಕೆ 1922ರ ನೊಬೆಲ್ ಕೂಡ ಸಂದಿತ್ತು. ಹೊಸ ಅಣುಗಳು ಆ ಚಿತ್ರವನ್ನೇ ಬದಲಿಸಿದವು.

1930ರಲ್ಲಿ ಪಿಎಚ್.ಡಿ. ಬಂತು. ಆದರೆ ಹಾರ್ವರ್ಡ್ ಅವರಿಗೆ ಖಾಯಂ ಹುದ್ದೆ ಕೊಡಲಿಲ್ಲ. ಅವರ ಪಾಲಿನ ಕೆಲವು ಕೆಲಸಗಳು ಬೆಳಕಿಗೆ ಬಾರದಂತೆ ಫಿಸ್ಕ್ ತಡೆದರು, ಅದರಿಂದ ಬೇರೆಯವರು ವರ್ಷಗಳ ನಂತರ ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತು ಎಂದು ಅದೇ ವಿಭಾಗದಲ್ಲಿ ಓದಿದ್ದ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಹೇಳಿದ್ದಾರೆ. ಸುಬ್ಬರಾವ್ ಈ ಬಗ್ಗೆ ಜಗಳಕ್ಕೆ ಹೋಗಲಿಲ್ಲ.

ಪಾಲಕ್ ಸೊಪ್ಪಿನಿಂದ ಮಾತ್ರೆಗೆ

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು. ಬೇಗನೆ ಸಂಶೋಧನೆಯ ನಿರ್ದೇಶಕರಾದರು. ಉಳಿದದ್ದು ಎಂಟೇ ವರ್ಷ. ಆ ಎಂಟು ವರ್ಷದಲ್ಲಿ ಆದದ್ದೇ ನಮ್ಮ ಮನೆಗಳಿಗೆ ಬಂದಿರುವುದು.

ಫೋಲಿಕ್ ಆಮ್ಲದ ಕಥೆ ಮುಂಬೈಯಿಂದ ಶುರುವಾಗುತ್ತದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಅಲ್ಲಿಗೆ ಬಂದು ಗಿರಣಿಯಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟ್ ಸಾರ ಕೊಟ್ಟರೆ ಅದು ಗುಣವಾಗುತ್ತದೆ ಎಂದು 1931ರಲ್ಲಿ ತೋರಿಸಿದರು. ಸಾರದಲ್ಲಿ ಏನಿದೆ ಎಂಬುದು ಮಾತ್ರ ಗುಟ್ಟಾಗಿಯೇ ಉಳಿಯಿತು. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಆ ಬಗೆಯ ವಸ್ತುವನ್ನು ಪಡೆದು, ಎಲೆಯಿಂದ ಬಂದದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಟನ್ನುಗಟ್ಟಲೆ ಸೊಪ್ಪಿಗೆ ಚಿಟಿಕೆಯಷ್ಟು ಸತ್ವ ಬಂದರೆ ರೋಗಿಗಳಿಗೆ ಸಾಲದು. ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ದಾರಿಯನ್ನು ಸುಬ್ಬರಾವ್ ಅವರ ತಂಡ 1945ರಲ್ಲಿ ಪ್ರಕಟಿಸಿತು. ಆ ಲೇಖನದಲ್ಲಿ ಹದಿನಾರು ಜನರ ಹೆಸರಿದೆ. ನಿರ್ದೇಶಕರ ಹೆಸರು ಮೊದಲಲ್ಲಿಲ್ಲ, ಸಾಲಿನ ನಡುವೆ ಎಲ್ಲೋ ಇದೆ.

ಹೊಸ ಜೀವಕೋಶ ಹುಟ್ಟಲು ಡಿ.ಎನ್.ಎ. ಬೇಕು, ಡಿ.ಎನ್.ಎ. ಕಟ್ಟಲು ಫೋಲಿಕ್ ಆಮ್ಲ ಬೇಕು. ಅದಿಲ್ಲದಿದ್ದರೆ ಮೂಳೆಯ ಮಜ್ಜೆಯಲ್ಲಿ ಕೆಂಪು ರಕ್ತಕಣಗಳು ಸರಿಯಾಗಿ ಬಲಿಯುವುದಿಲ್ಲ. ಇಂದು ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಮಾತ್ರೆಯಲ್ಲಿ, ನಮ್ಮ ಶಾಲೆಯ ಮಕ್ಕಳು ವಾರಕ್ಕೊಮ್ಮೆ ಬಿಸಿಯೂಟದ ನಂತರ ನುಂಗುವ ನೀಲಿ ಮಾತ್ರೆಯಲ್ಲಿ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಕಹಿ ಎಂದು ಕಿಟಕಿಯಿಂದ ಹೊರಗೆ ಎಸೆಯುವ ಮಕ್ಕಳು ಇದನ್ನು ಓದಬೇಕು. ಇನ್ನೊಂದು ಮಾತು: ಸ್ಪ್ರೂ ರೋಗಿಗಳಿಗೂ ಫೋಲಿಕ್ ಆಮ್ಲ ಫಲ ಕೊಟ್ಟಿತು. ಅಣ್ಣತಮ್ಮಂದಿರನ್ನು ಕಳೆದುಕೊಂಡು ಇಪ್ಪತ್ತು ವರ್ಷಗಳ ಮೇಲೆ ಆ ರೋಗದ ಮದ್ದು ಸುಬ್ಬರಾವ್ ಅವರ ಕೈಯಲ್ಲಿತ್ತು.

ಬೀಗಕ್ಕೆ ಸಿಕ್ಕ ಸುಳ್ಳು ಕೀಲಿಕೈ

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರ್ ಬಂದ ಮಕ್ಕಳು ವಾರಗಳಲ್ಲೋ ತಿಂಗಳುಗಳಲ್ಲೋ ಸಾಯುವುದನ್ನು ನೋಡುತ್ತಿದ್ದರು. ಫೋಲಿಕ್ ಆಮ್ಲ ಜೀವಕೋಶಗಳನ್ನು ಬೆಳೆಸುವುದಾದರೆ, ಅದನ್ನು ತಡೆದರೆ ಕ್ಯಾನ್ಸರ್ ಕೋಶ ನಿಲ್ಲಬಹುದೇ ಎಂಬುದು ಅವರ ಪ್ರಶ್ನೆ. ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ಅಣುವಿನಲ್ಲಿ ಸಣ್ಣ ಬದಲಾವಣೆ ಮಾಡಿ ಅಮಿನೋಪ್ಟೆರಿನ್ ತಯಾರಿಸಿ ಕೊಟ್ಟಿತು. ಇದು ಬೀಗದೊಳಗೆ ಹೋಗಿ ತಿರುಗದೆ ಸಿಕ್ಕಿಕೊಳ್ಳುವ ಕೀಲಿಕೈಯಂತೆ. ನಿಜವಾದ ಕೀಲಿಕೈಗೆ ಜಾಗವೇ ಇಲ್ಲದಂತಾಗಿ ಕೋಶ ಮರಿ ಹಾಕುವುದು ನಿಲ್ಲುತ್ತದೆ. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟಿಸಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಸ್ವಲ್ಪ ಕಾಲ ರೋಗ ಹಿಂದೆ ಸರಿದಿತ್ತು. ಅದು ತಾತ್ಕಾಲಿಕ, ಮಕ್ಕಳು ಬದುಕಿ ಉಳಿಯಲಿಲ್ಲ. ಆದರೆ ಔಷಧದಿಂದ ಈ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದು ಎಂದು ಜಗತ್ತಿಗೆ ತೋರಿತು. ಅದೇ ಜಾತಿಯ ಮೆಥೋಟ್ರೆಕ್ಸೇಟ್ ಕೂಡ ಲೆಡರ್ಲಿಯಲ್ಲೇ ತಯಾರಾಯಿತು. ಹಲವು ಔಷಧ ಜೊತೆಗೂಡಿ, ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಈಗ ಮಕ್ಕಳ ಅತಿ ಸಾಮಾನ್ಯ ರಕ್ತದ ಕ್ಯಾನ್ಸರಿನಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ.

ಕಡಿಮೆ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಟ್ಟರೆ ಇದೇ ಮೆಥೋಟ್ರೆಕ್ಸೇಟ್ ಸಂಧಿವಾತವನ್ನು ಹತೋಟಿಯಲ್ಲಿಡುತ್ತದೆ. ಅದರ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಮ್ಲ. ದಿನಾ ತೆಗೆದುಕೊಂಡರೆ ಬಾಯಿ, ಕರುಳು, ಮಜ್ಜೆಯ ಒಳ್ಳೆಯ ಕೋಶಗಳೂ ಬೆಳೆಯುವುದು ನಿಲ್ಲುತ್ತದೆ, ಪ್ರಾಣಕ್ಕೇ ಅಪಾಯ. ನನ್ನ ಅವ್ವನಿಗೆ ಆದದ್ದು ಅದೇ. ಆಸ್ಪತ್ರೆಯಲ್ಲಿ ಕೊಟ್ಟ ಫೋಲಿನಿಕ್ ಆಮ್ಲ ಆ ಸಿಕ್ಕಿಬಿದ್ದ ಬೀಗವನ್ನು ಬಿಟ್ಟು ಬೇರೆ ಬಾಗಿಲಿಂದ ಕೋಶಕ್ಕೆ ಸತ್ವ ತಲುಪಿಸಿತು.

ಅದೇ ಪ್ರಯೋಗಾಲಯದಿಂದ ಇನ್ನೂ ಎರಡು ಔಷಧ ಬಂದವು. ಆನೆಕಾಲು ರೋಗದ ಹುಳುವಿನ ಮರಿಗಳನ್ನು ಕೊಲ್ಲುವ ಡೈಈಥೈಲ್ ಕಾರ್ಬಮಜೀನ್ 1947ರದು. ಕಲಬುರಗಿ, ಬೀದರ್, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ಬಂದು ಎದುರಿಗೇ ನುಂಗಿಸಿದ ಡಿ.ಇ.ಸಿ. ಮಾತ್ರೆ ಅದೇ. ಇನ್ನೊಂದು ಆರಿಯೋಮೈಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆಂಟಿಬಯೋಟಿಕ್. ಕೆಲಸದಿಂದ ನಿವೃತ್ತರಾಗಿದ್ದ, ಎಪ್ಪತ್ತು ದಾಟಿದ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಲೆಡರ್ಲಿಗೆ ಬಂದು, ಮಿಸೌರಿಯ ಒಂದು ಹೊಲದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಅದನ್ನು ಪಡೆದರು. 1948ರಲ್ಲಿ ಅದು ಜಗತ್ತಿಗೆ ಗೊತ್ತಾಯಿತು.

ಹಿಂತಿರುಗದ ಮಗ

1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಅಮೆರಿಕದಲ್ಲಿ ಇಪ್ಪತ್ತಾರು ವರ್ಷ ಇದ್ದೂ ಅವರು ಅಲ್ಲಿನ ಪ್ರಜೆಯಾಗಿರಲಿಲ್ಲ. ಭಾರತಕ್ಕೂ ಒಮ್ಮೆಯೂ ಮರಳಲಿಲ್ಲ. 1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು.

ಜೀವನ ಚರಿತ್ರೆ ಎಂದರೆ ಬರೀ ಹೊಗಳಿಕೆ ಆಗಬಾರದು. ಮೂರು ವರ್ಷದ ಓದಿಗೆಂದು ಗಂಡನನ್ನು ಕಳಿಸಿಕೊಟ್ಟ ಶೇಷಗಿರಿಯವರು ಅವರನ್ನು ಮತ್ತೆ ನೋಡಲೇ ಇಲ್ಲ. ಹುಟ್ಟಿದ ಗಂಡು ಮಗು ಶೈಶವದಲ್ಲೇ ತೀರಿಕೊಂಡಿತು. ಒಡವೆ ಕೊಟ್ಟು ಓದಿಸಿದ ವೆಂಕಮ್ಮನ ಕಣ್ಣ ಮುಂದೆ ಮಗ ಮತ್ತೆ ಬಂದು ನಿಲ್ಲಲಿಲ್ಲ. ಅವರ ಮಾತ್ರೆಯಿಂದ ಲಕ್ಷಾಂತರ ಮಕ್ಕಳು ತಾಯಂದಿರಿಗೆ ಉಳಿದರು, ಅವರು ಮಾತ್ರ ತಮ್ಮ ತಾಯಿಗೆ ಉಳಿಯಲಿಲ್ಲ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತೂಗುವ ಯೋಗ್ಯತೆ ನನಗಿಲ್ಲ. ನಾನು ಮಾಡಿರುವ ಸಾಫ್ಟ್‌ವೇರ್ ಕೆಲಸದಿಂದ ಒಂದು ಜೀವವೂ ಉಳಿದಿಲ್ಲ, ಆದರೂ ಅವ್ವನ ಫೋನಿಗೆ ಎರಡು ನಿಮಿಷ ಕೊಡಲು ನನ್ನಿಂದ ಆಗಿರಲಿಲ್ಲ.

ಈಗ ಮನೆಯಲ್ಲಿ ಎರಡು ಡಬ್ಬಿ ಇವೆ. ಒಂದರ ಮೇಲೆ ಭಾನುವಾರ ಮಾತ್ರ ಎಂದು ಕನ್ನಡದಲ್ಲಿ ದಪ್ಪಗೆ ಬರೆದಿದ್ದೇನೆ. ಇನ್ನೊಂದರ ಮೇಲೆ ಉಳಿದ ದಿನ. ಭಾನುವಾರ ರಾತ್ರಿ ನಾನೇ ಫೋನ್ ಮಾಡುತ್ತೇನೆ. ಅವ್ವ ಮತ್ತೆ ರೊಟ್ಟಿ ಬಡಿಯುತ್ತಿದ್ದಾಳೆ.

ಊರಿನ ತಂದೆ ತಾಯಂದಿರಲ್ಲಿ, ನನ್ನ ಗುರುಗಳಲ್ಲಿ ಒಂದೇ ಬಿನ್ನಹ. ನಮ್ಮ ಶಾಲೆಯ ಮುಂದಿನ ಐವತ್ತು ವರ್ಷದಲ್ಲೂ ಎಸ್ಸೆಸ್ಸೆಲ್ಸಿ ಫೇಲಾಗುವ ಮಕ್ಕಳು ಇದ್ದೇ ಇರುತ್ತಾರೆ. ಅಂಥವರಿಗೆ ಮೂರನೆಯ ಸಲದ ಫೀ ಕಟ್ಟಲು ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಒಂದು ನಿಧಿ ಇಡೋಣ. ಮೊದಲ ಕಂತು ನಾನು ಕೊಡುತ್ತೇನೆ. ಎರಡನೆಯ ಕಂತು ನನ್ನ ಬೆಂಚಿನ ಗೆಳೆಯ, ಮೇಸ್ತ್ರಿ, ಕೇಳುವ ಮೊದಲೇ ಒಪ್ಪಿಕೊಂಡಿದ್ದಾನೆ.